ಹನಿ ನೀರು ಸೋಕದ ಇಂಗುಗುಂಡಿ

ಆಕಾಶದಿಂದ ಬೀಳುವ ನೀರಿಗೆ ಹೇಳುವವರು ಕೇಳುವವರು ಯಾರೂ ಇಲ್ಲ ಎಂದು ನಾನು ತಿಳಿದಿದ್ದೆ. ಬೀಳುತ್ತದೆ, ಹರಿಯುತ್ತದೆ, ಯಾವುದೋ ಹಳ್ಳ ಹಿಡಿದು ಕಾಗಿಣಾ ನದಿಗೆ ಹೋಗಿ ಸೇರುತ್ತದೆ, ಅಷ್ಟೇ. ಅದಕ್ಕೂ ಒಂದು ಕಾಯಿದೆ ಇದೆ, ಕಾಯಿದೆ ನೋಡಿಕೊಳ್ಳಲು ಪಂಚಾಯತಿ ಇದೆ, ನೀರು ಎಲ್ಲಿ ಇಂಗಬೇಕು ಎಲ್ಲಿಗೆ ಹೋಗಬಾರದು ಎಂದು ಹೇಳುವ ಅಧಿಕಾರಿ ಇದ್ದಾರೆ ಎಂಬುದೆಲ್ಲ ನನಗೆ ಗೊತ್ತಾದದ್ದು ಈ ಮುಪ್ಪಿನಲ್ಲಿ, ಅದೂ ನನ್ನದೇ ಅಡುಗೆಮನೆಯಲ್ಲಿ ಸೀರೆ ಎತ್ತಿ ಕಟ್ಟಿಕೊಂಡು ನೀರಿನೊಳಗೆ ನಿಂತಾಗ. ನನಗೆ ಓದು ಬರಹ ಬಸ್ಸಿನ ಬೋರ್ಡಿಗೆ ಸಾಕಾಗುವಷ್ಟು ಬರುತ್ತದೆ. ‘ವಾಡಿ’ ಎಂದಿದ್ದರೆ ದೂರದಿಂದಲೇ ಓದುತ್ತೇನೆ. ‘ಚಿತ್ತಾಪುರ’ ಓದಿ ಮುಗಿಸುವಷ್ಟರಲ್ಲಿ ಬಸ್ಸು ಹೊರಟುಬಿಟ್ಟಿರುತ್ತದೆ. ಹೀಗಾಗಿ ಚಿತ್ತಾಪುರಕ್ಕೆ ಹೊರಟ ನಾನು ಬಹಳ ಸಲ ವಾಡಿಯಲ್ಲಿ ಇಳಿದಿದ್ದೇನೆ. ಇಂಥವಳು ಹೇಳಿದ್ದರಲ್ಲಿ ಬುದ್ಧಿಮಾತು ಹುಡುಕಬೇಡಿ. ಆದದ್ದನ್ನು ಆದ ಹಾಗೆ ಹೇಳುತ್ತೇನೆ.

ನಮ್ಮೂರು ಶಹಾಬಾದಕ್ಕೂ ವಾಡಿಗೂ ನಡುವೆ ಇದೆ. ಈ ಕಡೆ ನೆಲ ಸ್ವಲ್ಪ ಕೆದರಿದರೆ ಸಾಕು, ಕಲ್ಲು. ಯಾರೋ ಕೂತು ಕೊಯ್ದು ಒಂದರ ಮೇಲೊಂದು ಜೋಡಿಸಿಟ್ಟ ಹಾಗೆ ಪದರು ಪದರಾಗಿ ಏಳುವ ಹಾಸುಗಲ್ಲು. ನಾವು ಫರಸಿ ಎನ್ನುತ್ತೇವೆ. ಮನೆಯ ನೆಲಕ್ಕೆ ಫರಸಿ, ಮಾಳಿಗೆಗೆ ಫರಸಿ, ಅಂಗಳಕ್ಕೆ ಫರಸಿ, ಹಿತ್ತಲಿನ ಬೇಲಿ ಎಂದರೆ ನಿಲ್ಲಿಸಿದ ಫರಸಿ. ಬಟ್ಟೆ ಒಗೆಯಲು, ದನ ಕಟ್ಟಲು, ಬಾಗಿಲ ಮುಂದೆ ಕೂತು ಮಂದಿಯ ಸುದ್ದಿ ಮಾತಾಡಲು ಎಲ್ಲಕ್ಕೂ ಅದೇ. ಬೇರೆ ಕಡೆಯವರಿಗೆ ಬರಿ ನೆಲ ಕಂಡರೆ ಏನಾದರೂ ಬಿತ್ತಬೇಕು ಅನಿಸುತ್ತದಂತೆ. ನಮಗೆ ಬರಿ ನೆಲ ಕಂಡರೆ ಮೈಮೇಲೆ ಬಟ್ಟೆ ಇಲ್ಲದವರನ್ನು ಕಂಡಂತಾಗುತ್ತದೆ, ತಕ್ಷಣ ಒಂದು ಕಲ್ಲು ಹೊದಿಸಬೇಕು. ತೀರಿಹೋದ ನಮ್ಮ ಯಜಮಾನರು ಖಣಿಯಲ್ಲಿ ಕಲ್ಲು ಎಬ್ಬಿಸುವ ಕೆಲಸ ಮಾಡಿದವರು. ಯಾರ ಮನೆಗೆ ಹೋದರೂ ಮೊದಲು ಬೆರಳಿನಿಂದ ನೆಲ ತಟ್ಟಿ ನೋಡುವ ಚಟ ಅವರಿಗೆ. ಮಗನಿಗೆ ಹೆಣ್ಣು ನೋಡಲು ಸೇಡಂಗೆ ಹೋದಾಗಲೂ ತಟ್ಟಿದರು. ಹುಡುಗಿ ಚಹಾ ಹಿಡಿದುಕೊಂಡು ಬರುವ ಹೊತ್ತಿಗೆ ಸರಿಯಾಗಿ, “ಇಲ್ಲಿ ಒಳಗ ಪೊಳ್ಳ ಅದ” ಎಂದರು. ಹುಡುಗಿಯ ಅಪ್ಪ ಮುಖ ಕೆಂಪಗೆ ಮಾಡಿಕೊಂಡು ಎದ್ದೇಬಿಟ್ಟ. ನೆಲದ ಸುದ್ದಿ ಎಂದು ತಿಳಿಸಿ ಹೇಳುವಷ್ಟರಲ್ಲಿ ಚಹಾ ಆರಿಹೋಗಿತ್ತು. ಆ ಹುಡುಗಿಯೇ ಈಗಿನ ನನ್ನ ಸೊಸೆ ಮಾದೇವಿ. ಮಗ ಸಿಮೆಂಟಿನ ಲಾರಿ ಓಡಿಸುತ್ತಾನೆ. ಮನೆಯಲ್ಲಿ ಏನಾದರೂ ಎತ್ತಬೇಕಾದ ದಿನ ಅವನು ತಪ್ಪದೆ ಬೇರೆ ಜಿಲ್ಲೆಯಲ್ಲಿ ಇರುತ್ತಾನೆ.

ನಮ್ಮ ಮನೆ ಒಂದು ಏರಿನ ಬುಡದಲ್ಲಿದೆ. ಏರಿನ ಮೇಲೆ ಮೊದಲು ತೊಗರಿ ಹೊಲ ಇತ್ತು. ಎಂಥ ಮಳೆ ಬಿದ್ದರೂ ಆ ಕರಿಮಣ್ಣು ಕುಡಿದು ಸುಮ್ಮನೆ ಬಿದ್ದಿರುತ್ತಿತ್ತು. ಕುಡಿದೂ ಗದ್ದಲ ಮಾಡದೆ ಇದ್ದದ್ದು ನಮ್ಮೂರಲ್ಲಿ ಅದೊಂದೇ. ಅದನ್ನು ಶರಣಪ್ಪ ಕೊಂಡು ಪ್ಲಾಟು ಹಾಕಿದ. ಶರಣಪ್ಪ ನಮ್ಮ ಓಣಿಯಲ್ಲೇ ಚಡ್ಡಿ ಹಾಕಿಕೊಂಡು ಓಡಾಡಿದವನು, ಈಗ ಬಿಳಿ ಅಂಗಿ ತೊಟ್ಟು ಲೇಔಟ್ ಮಾಡುತ್ತಾನೆ. ಮಾಡಿದ್ದನ್ನು ಸುಳ್ಳು ಯಾಕೆ ಹೇಳಲಿ, ಬಹಳ ಚೆನ್ನಾಗಿ ಮಾಡಿದ್ದ. ರಸ್ತೆಗೆಲ್ಲ ಕಾಂಕ್ರೀಟು, ರಸ್ತೆಯ ಎರಡೂ ಬದಿಗೆ ಫರಸಿ, ಉದ್ಯಾನ ಎಂದು ಬೋರ್ಡು ನೆಟ್ಟ ಜಾಗಕ್ಕೂ ಗೋಡೆಯಿಂದ ಗೋಡೆಗೆ ಫರಸಿ. ನಡುವೆ ಒಂದು ಗಿಡಕ್ಕೆ ಮಾತ್ರ ತೂತು ಬಿಟ್ಟಿದ್ದ, ಗಿಡ ಅಲ್ಲಿ ನಿಂತು ತಾನು ಯಾವ ತಪ್ಪು ಮಾಡಿದೆ ಎಂದು ಯೋಚನೆ ಮಾಡುತ್ತಿತ್ತು. ಮುಂದೆ ಕಮಾನು, ಕಮಾನಿನ ಮೇಲೆ ಹಲಗೆಯ ಬೋರ್ಡು. ನಾನೇ ಹೋಗಿ ನೋಡಿ, “ಭಾಳ ಛಂದ ಮಾಡೀದಿ ನೋಡೋ ಶರಣ್ಯಾ, ಹೊಲ ಹೋಗಿ ಊರಿನಂಗ ಕಾಣ್ಲಿಕತ್ತದ” ಎಂದು ಬಂದಿದ್ದೆ.

ಮೊದಲ ದೊಡ್ಡ ಮಳೆ ಮಧ್ಯಾಹ್ನ ಬಿತ್ತು. ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ನೀರು ಬಾಗಿಲು ತಟ್ಟಲಿಲ್ಲ, ನೇರ ಒಳಗೆ ಬಂತು. ಬರಿಗೈಯಲ್ಲೂ ಬರಲಿಲ್ಲ. ಯಾರದೋ ಒಂಟಿ ಚಪ್ಪಲಿ, ಸಿಮೆಂಟಿನ ಖಾಲಿ ಚೀಲ, ಕೊನೆಗೆ ಹಲಗೆಯ ತುಂಡೊಂದು ತೇಲಿಕೊಂಡು ಬಂದು ನನ್ನ ಕೊಣಮಿಗೆಗೆ ಬಡಿದು ನಿಂತಿತು. ಕೊಣಮಿಗೆ ಎಂದರೆ ಹಿಟ್ಟು ನಾದುವ ಮರದ ಪರಾತ, ಅದೂ ಆಗ ತೇಲುತ್ತಿತ್ತು. ಹಲಗೆಯ ಮೇಲೆ ಅಕ್ಷರ ಇದ್ದವು.

“ಏನು ಬರದದ ನೋಡ ಮಾದೇವಿ” ಎಂದೆ.

“ಸುಸ್ವಾಗತ ಅಂತ ಬರದದ್ರಿ ಅತ್ತಿ.”

“ಯಾರಿಗಿ?”

“ನೀರಿಗಿ ಇರಬೇಕ್ರಿ. ಅದೇ ಒಳಗ ಬಂದದ, ನಾವು ಹೊರಗ ಹೊಂಟೀವಿ.”

ನಗುವ ಹೊತ್ತಲ್ಲ ಅದು. ಅಡುಗೆಮನೆಯ ಮೂಲೆಯಲ್ಲಿ ವರ್ಷದ ಜೋಳ ಚೀಲ ಕಟ್ಟಿ ಇಟ್ಟಿದ್ದೆವು. ನಮ್ಮ ಮನೆಯಲ್ಲಿ ಮುಂದಿನ ಸುಗ್ಗಿಯವರೆಗೆ ತಿನ್ನುವುದು ಏನಿದ್ದರೂ ಅದೇ. ಜೋಳ ತೊಯ್ದರೆ ಮೊಳಕೆ ಬರುತ್ತದೆ, ಮೊಳಕೆ ಬಂದ ಜೋಳದ ರೊಟ್ಟಿ ತಟ್ಟಿದರೆ ಹೆಂಚಿನ ಮೇಲೆ ನಾಲ್ಕು ಚೂರಾಗಿ ಜಗಳವಾಡಿದ ಅಣ್ಣತಮ್ಮಂದಿರ ಹಾಗೆ ಬೇರೆ ಬೇರೆ ಮಲಗುತ್ತದೆ. ಮಾದೇವಿಯೂ ನಾನೂ ಉಸಿರು ಬಿಗಿಹಿಡಿದು ಚೀಲಗಳನ್ನು ಎತ್ತಿ ನನ್ನ ಮಂಚದ ಮೇಲೆ ಹಾಕಿದೆವು. ಅಂದಿನಿಂದ ಜೋಳ ಮಂಚದ ಮೇಲೆ, ನಾನು ನೆಲದ ಮೇಲೆ. ಫರಸಿ ಗಟ್ಟಿ ಎಂದು ಜನ್ಮವೆಲ್ಲ ಹೊಗಳಿದ್ದೆನಲ್ಲ, ಎಷ್ಟು ಗಟ್ಟಿ ಎಂದು ಸೊಂಟಕ್ಕೆ ಆಗ ಗೊತ್ತಾಯಿತು.

ಮಳೆ ನಿಂತ ಕೂಡಲೇ ಆ ಹಲಗೆ ಹೊತ್ತುಕೊಂಡು ಏರು ಹತ್ತಿ ಶರಣಪ್ಪನ ಹತ್ತಿರ ಹೋದೆ. “ನಿನ್ನ ನೀರು ನಮ್ಮ ಮನಿಗಿ ಬಂದದ, ಕರ್ಕೊಂಡು ಹೋಗು” ಎಂದೆ.

“ಆಯಿ, ನಂದಲ್ಲ ಅದು, ದೇವರ ನೀರು.”

“ದೇವರು ನಿನ್ನ ಬೋರ್ಡ್ ಯಾಕ ಕಳಸ್ತಾನೋ?”

“ಇಳಿಜಾರ ಅದ, ನೀರು ಕೆಳಗ ಹೋಗ್ತದ. ನಾ ಏನ್ ಮಾಡ್ಲಿ ಹೇಳು. ನೀರಿನ ಕಾಲು ಹಿಡೀಲೇನು?”

“ನೀರಿನ ಕಾಲು ಬ್ಯಾಡ, ನಿನ್ನ ಕಾಲು ಮುರೀತೀನಿ” ಎಂದು ಹೇಳಿ ನೇರ ಪಂಚಾಯತಿಗೆ ಹೋದೆ.

ಪಂಚಾಯತಿಯಲ್ಲಿ ಹೊಸದಾಗಿ ಬಂದ ಅಧಿಕಾರಿ ಸುಜಾತಾ ಮೇಡಂ ಇದ್ದರು. ಚಿಂಚೋಳಿ ಕಡೆಯವರು, ಸಣ್ಣ ವಯಸ್ಸು, ಮಾತು ಕಡಿಮೆ. “ಕುಂದ್ರಿ ಆಯಿ” ಎಂದರು. ನಾನು ಕೂತುಕೊಳ್ಳದೆ ಎಲ್ಲ ಹೇಳಿದೆ, ಹೇಳಿ ಮುಗಿದ ಮೇಲೆ ದಣಿದು ಕೂತೆ. ಅವರು ಅದೇ ದಿನ ಬಂದು ಏರು ಹತ್ತಿ ಇಳಿದು ನೋಡಿದರು. ಆಮೇಲೆ ಶರಣಪ್ಪನನ್ನು ಕರೆಸಿ ನನ್ನೆದುರಿಗೇ ಹೇಳಿದರು. “ನೋಡ್ರಿ ಶರಣಪ್ಪಾವ್ರೇ, ಮಣ್ಣು ಮುಚ್ಚಿ ಪ್ಲಾಟ್ ಮಾಡಿದ ಮ್ಯಾಲ ಅಲ್ಲಿ ಬಿದ್ದ ಮಳಿ ಅಲ್ಲೇ ಇಂಗ್ಬೇಕು, ಇನ್ನೊಬ್ಬರ ಮನಿಗಿ ಹೋಗಬಾರ್ದು. ಇದು ಕಾಯಿದೆ. ಉದ್ಯಾನದ ಫರಸಿ ತಗೀರಿ, ಕೆಳಗಡಿ ಅಂಚಿಗಿ ದೊಡ್ಡದೊಂದು ಇಂಗುಗುಂಡಿ ತೋಡ್ರಿ. ಅಲ್ಲಿತನಾ ಒಂದು ಪ್ಲಾಟಿಗೂ ಮನಿ ಕಟ್ಟೋ ಪರವಾನಗಿ ಇಲ್ಲ.” ಗುಂಡಿಯ ತಳಕ್ಕೆ ದಪ್ಪ ಕಲ್ಲು, ಅದರ ಮೇಲೆ ಸಣ್ಣ ಕಂಕರು, ಮೇಲೆ ಉಸುಕು ತುಂಬಬೇಕು, ಸಿಮೆಂಟು ಹಚ್ಚಬಾರದು ಎಂದೂ ಹೇಳಿದರು. ಶರಣಪ್ಪನ ಬಿಳಿ ಅಂಗಿಯ ಇಸ್ತ್ರಿ ಅಲ್ಲೇ ಮುದುಡಿದ್ದನ್ನು ಕಣ್ಣಾರೆ ನೋಡಿದೆ. ಆ ರಾತ್ರಿ ನೆಲದ ಮೇಲೆ ಮಲಗಿದರೂ ಸುಖವಾದ ನಿದ್ದೆ ಬಂತು.

ಮೇಡಂ ಏನೋ ತರಬೇತಿ ಎಂದು ಕಲಬುರಗಿಗೆ ಹೋದರು. ಹೋಗುವಾಗ ನನಗೆ, “ಕೆಲಸ ಹೆಂಗ ನಡೀತದ ಥೋಡೆ ಕಣ್ಣಿಡ್ರಿ ಆಯಿ” ಎಂದು ಒಂದು ಮಾತು ಹೇಳಿ ಹೋದರು. ಅವರು ಮರ್ಯಾದೆಗೆ ಹೇಳಿರಬೇಕು. ನಾನು ಸರಕಾರಿ ನೌಕರಿಯೇ ಸಿಕ್ಕಿತು ಎಂದು ತಿಳಿದೆ. ಮರುದಿನ ಬೆಳಿಗ್ಗೆ ಕೊಡೆ, ಎಲೆ ಅಡಿಕೆಯ ಚೀಲ, ಕೂತುಕೊಳ್ಳಲು ಒಂದು ಮಣೆ ತೆಗೆದುಕೊಂಡು ಗುಂಡಿಯ ದಂಡೆಯಲ್ಲಿ ಕೂತೆ. ಗುಂಡಿ ತೋಡಿ ಆಗಿತ್ತು. ಬಗ್ಗಿ ನೋಡಿದರೆ ಸುತ್ತ ಬರೀ ಮಣ್ಣು, ಒರಟೊರಟು, ಅಲ್ಲಲ್ಲಿ ಬೇರು ಹಣಿಕಿ ಹಾಕುತ್ತಿವೆ. ನನಗೆ ನೋಡಲಾಗಲಿಲ್ಲ. ಗೌಂಡಿ ಹುಸೇನಪ್ಪನಿಗೂ ನೋಡಲಾಗಿರಲಿಲ್ಲ. ಅವನು ಹುಟ್ಟಿದಾಗಿನಿಂದ ಫರಸಿ ಹಾಸಿಕೊಂಡು ಬಂದವನು, ಮಣ್ಣಿನ ಗುಂಡಿಯ ಮುಂದೆ ಸಿಮೆಂಟು ಮೆತ್ತುವ ಕರ್ನಿ ಹಿಡಿದು ನಿಂತು ಕೈ ತುರಿಸಿಕೊಳ್ಳುತ್ತಿದ್ದ.

ಇಲ್ಲಿ ನನ್ನ ತವರಿನ ಮಾತು ಸ್ವಲ್ಪ ಹೇಳಬೇಕು. ನನ್ನ ತವರು ಸೇಡಂ ತಾಲೂಕಿನ ಆಡಕಿ ಕಡೆ. ಅಲ್ಲಿ ನಮ್ಮ ಅಪ್ಪನ ಮನೆಯ ಮುಂದೆ ಹಗೇವು ಇತ್ತು. ಈಗಿನವರಿಗೆ ಗೊತ್ತಿರಲಿಕ್ಕಿಲ್ಲ, ಹಗೇವು ಎಂದರೆ ನೆಲದೊಳಗೆ ಜೋಳ ತುಂಬಿಡುವ ಗುಂಡಿ. ಸುತ್ತಲೂ ಕಲ್ಲು ಕಟ್ಟಿ, ಸಂದಿ ಮುಚ್ಚಿ, ಜೋಳ ಸುರಿದು, ಬಾಯಿಗೆ ಬಂಡೆ ಎಳೆದು ಮೆತ್ತಿಬಿಟ್ಟರೆ ಮೇಲೆ ಎಂಥ ಮಳೆ ಹೊಡೆದರೂ ಒಳಗೆ ಹನಿ ನೀರು ಇಳಿಯಬಾರದು. ಇಳಿದರೆ ಕಟ್ಟಿದವನ ಮಾನ ಹೋಯಿತು. ತೆಗೆಯುವಾಗ ಒಳಗಿನ ಕೆಟ್ಟ ಗಾಳಿ ಹೋಗಲೆಂದು ಬಾಯಿ ತೆರೆದಿಟ್ಟು, ದೀಪ ಇಳಿಬಿಟ್ಟು, ದೀಪ ಉಳಿದರೆ ಮಾತ್ರ ಆಳು ಇಳಿಯುತ್ತಿದ್ದ. ನಮ್ಮ ಕಾಕಾ ಒಬ್ಬ ದೀಪದ ಬದಲು ಸಾಲ ಕೇಳಲು ಬಂದ ಬೀಗನನ್ನು ಇಳಿಸೋಣ ಎನ್ನುತ್ತಿದ್ದ. ನಾನು ಕಂಡ ಒಳ್ಳೆಯ ಗುಂಡಿ ಎಂದರೆ ಅದೇ. ಗುಂಡಿ ಎಂದರೆ ಹಾಗಿರಬೇಕು.

“ಆಯಿ, ಮೇಡಂ ಕಲ್ಲು, ಕಂಕರ, ಉಸುಕು ತುಂಬ್ರಿ ಅಂದಾರ” ಎಂದ ಹುಸೇನಪ್ಪ.

“ಖುಳ್ಳ ಅದೀಯೇನೋ? ತೋಡಿದ ಗುಂಡಿಗಿ ಮತ್ತ ಕಲ್ಲು ತುಂಬೋದಾದ್ರ ತೋಡಿದ್ದು ಯಾಕ?”

ಹುಸೇನಪ್ಪ ಯೋಚನೆ ಮಾಡಿದ. “ಅದೂ ಖರೇನೇ ಅದ” ಎಂದ.

“ಹೊಸಾ ಹುಡುಗಿ, ಆಕಿಗಿ ನಮ್ಮ ಕಡಿ ರೀತಿ ಗೊತ್ತಿಲ್ಲ. ನೀ ಹಗೇವಿನಂಗ ಕಟ್ಟು. ಬರೋರು ಹೋಗೋರು ನೋಡಿ ಭಲೆ ಅನಬೇಕು.”

ಶರಣಪ್ಪನಿಗೂ ಇದು ಹಿತವಾಯಿತು. ಉದ್ಯಾನದಿಂದ ಕಿತ್ತ ಫರಸಿ ಹೇಗೂ ಬಿದ್ದಿತ್ತು, ಅದನ್ನೇ ಹಾಕಿ ಎಂದ. ಕಿತ್ತದ್ದು ಸಾಲದಿದ್ದರೆ ಇರಲಿ ಎಂದು ಒಳ್ಳೆಯ ಹೊಸ ಕಲ್ಲೂ ತರಿಸಿದ. ಹುಸೇನಪ್ಪ ತಳಕ್ಕೆ ಫರಸಿ ಹಾಸಿದ, ಗೋಡೆಗೆ ಫರಸಿ ನಿಲ್ಲಿಸಿದ, ಸಂದಿಗೆಲ್ಲ ಸಿಮೆಂಟು ತುಂಬಿ ಬೆರಳಿನಿಂದ ತೀಡಿದ. ನಾನು ದಂಡೆಯ ಮೇಲೆ ಕೂತು, ಅಲ್ಲಿ ಒಂದು ಕೂದಲೆಳೆ ಬಿಟ್ಟೀದಿ, ಇಲ್ಲಿ ಒಂದು ಇರುವೆ ಹೋಗುವಷ್ಟು ಬಿಟ್ಟೀದಿ ಎಂದು ತೋರಿಸುತ್ತಲೇ ಇದ್ದೆ. ಮಕ್ಕಳು ದನ ಬಿದ್ದಾವು ಎಂದು ಬಾಯಿಗೆ ಅಗಲವಾದ ಬಂಡೆ ಹೊದಿಸಿದೆವು. ಬಂಡೆಯ ಸುತ್ತ ಸಂದಿ ಇತ್ತು, ಇಲಿ ಹೋದಾವು ಎಂದು ಅದಕ್ಕೂ ಮೆತ್ತಿಸಿದೆ. ಎಲ್ಲ ಮುಗಿದು ಕರ್ನಿ ತೊಳೆಯುವಾಗ ಹುಸೇನಪ್ಪನಿಗೆ ಒಂದು ಸಂಶಯ ಬಂತು.

“ಆಯಿ, ನೀರು ಎಲ್ಲಿಂದ ಒಳಗ ಹೋಗಬೇಕು?”

ಸುಮ್ಮನಾಗುವುದು ನನ್ನ ಜಾಯಮಾನವಲ್ಲ, ಆದ್ದರಿಂದ ಬಾಯಿಗೆ ಬಂದದ್ದು ಹೇಳಿದೆ. “ನನ್ನ ಅಡಗಿಮನಿಗಿ ಬರೋವಾಗ ನೀರು ಯಾರಿಗಿ ದಾರಿ ಕೇಳಿತ್ತು? ನಾ ಏನು ಪೈಪ್ ಹಾಕಿ ಕರದಿದ್ದೆನೇನು? ತಾನೇ ದಾರಿ ಮಾಡ್ಕೊಂತದ, ನೀ ಚಿಂತಿ ಮಾಡಬ್ಯಾಡ.”

“ಹೌದ್ ನೋಡ್ರಿ” ಎಂದ ಹುಸೇನಪ್ಪ. “ಶಾಣೇ ಇರ್ತದ ನೀರು” ಎಂದ ಶರಣಪ್ಪ. ಮೂವರೂ ಬಂಡೆಯ ಮೇಲೆ ನಿಂತು ಕಾಲಿನಿಂದ ತಟ್ಟಿ ನೋಡಿದೆವು. ಎಲ್ಲಿಯೂ ಅಲುಗಲಿಲ್ಲ. ಶರಣಪ್ಪನಿಗೂ ನನಗೂ ಇದ್ದ ಸಿಟ್ಟು ಆ ಕಲ್ಲಿನ ಅಂದ ನೋಡಿ ಇಳಿದುಹೋಯಿತು. ಹೊರಗೆ ಉಳಿದ ಮಣ್ಣು ಕೆಟ್ಟದಾಗಿ ಕಾಣುತ್ತದೆಂದು ಗುಂಡಿಯ ಸುತ್ತಲೂ, ಉದ್ಯಾನದ ಮಣ್ಣಿಗೂ ಸೇರಿಸಿ, ಅಂಗಳದ ಹಾಗೆ ಇನ್ನಷ್ಟು ಫರಸಿ ಹಾಸಿಬಿಟ್ಟೆವು. ಓಣಿಯ ಹೆಂಗಸರು ಬಂದು ನೋಡಿ, ಇಲ್ಲಿ ಸಂಡಿಗೆ ಇಡಲು ಬಹಳ ಅನುಕೂಲ ಎಂದರು. ಒಬ್ಬಳು ಮೆಣಸಿನಕಾಯಿ ತಂದು ಹರಡಿಯೇಬಿಟ್ಟಳು.

ಮುಂದಿನ ಮಳೆ ಬಂದಾಗ ನಾನು ಚೀಲಗಳನ್ನು ಮಂಚದಿಂದ ಇಳಿಸಿ, ಬಹಳ ದಿನದ ಮೇಲೆ ಮಂಚದ ಮೇಲೆ ಅಡ್ಡಾಗಿದ್ದೆ. ಮಾದೇವಿ ಬೇಡ ಅತ್ತಿ ಎಂದಿದ್ದಳು. ಗುಂಡಿ ಕಟ್ಟಿಸಿದವಳು ನಾನೋ ನೀನೋ ಎಂದು ಬಾಯಿ ಮುಚ್ಚಿಸಿದ್ದೆ. ನೀರು ಬಂತು ನೋಡಿ, ಮೊದಲಿಗಿಂತ ಜೋರಾಗಿ, ಮೊದಲಿಗಿಂತ ಬೇಗ. ಈ ಸಲ ಓಡಿ ಬರಲು ಅದಕ್ಕೆ ಇನ್ನಷ್ಟು ನುಣ್ಣನೆಯ ಫರಸಿ ಸಿಕ್ಕಿತ್ತಲ್ಲ. ಜೊತೆಗೆ ಓಣಿಯವರ ಮೆಣಸಿನಕಾಯಿಯನ್ನೂ ತಂದಿತ್ತು. ಚೀಲ ಎತ್ತಿ ಹಾಕುವಷ್ಟರಲ್ಲಿ ಅಡಿಯ ಚೀಲ ತೊಯ್ದು ಹೋಯಿತು. ಮಾದೇವಿ ಒಂದು ಮಾತೂ ಆಡಲಿಲ್ಲ. ಸೊಸೆ ಮಾತಾಡಿದರೆ ತಡೆಯಬಹುದು, ಸುಮ್ಮನೆ ಇದ್ದರೆ ಏನು ಮಾಡುವುದು? ಬಿಸಿಲು ಬರುವವರೆಗೆ ಕಾಯುವಷ್ಟರಲ್ಲಿ ಜೋಳಕ್ಕೆ ಬಿಳಿ ಮೊಳಕೆ ಬಂತು. ಒಂದು ಚೀಲ ಹೋಯಿತು. ಇನ್ನೊಂದು ಇಂಥ ಮಳೆ ಬಂದರೆ ಉಳಿದದ್ದೂ ಹೋಗುತ್ತದೆ. ಆಗ ನಾನು ಜೋಳ ಕೇಳಿಕೊಂಡು ಬೀಗರ ಮನೆಗೆ, ಅಂದರೆ ನೆಲ ಪೊಳ್ಳು ಎನ್ನಿಸಿಕೊಂಡ ಆ ಮನೆಗೆ ಹೋಗಬೇಕು. ಅದಕ್ಕಿಂತ ಉಪವಾಸ ಬಿದ್ದಿರುವುದು ವಾಸಿ ಅನಿಸಿತು.

ಸುಜಾತಾ ಮೇಡಂ ಕಲಬುರಗಿಯಿಂದ ಬಂದವರು ಕಾಲಿಗೆ ಕೆಸರು ಮೆತ್ತಿಕೊಂಡೇ ನೇರ ಏರಿನ ಕಡೆ ನಡೆದರು. ಹಿಂದೆ ನಾನು, ನನ್ನ ಹಿಂದೆ ಶರಣಪ್ಪ, ಅವನ ಹಿಂದೆ ಹುಸೇನಪ್ಪ.

“ಗುಂಡಿ ಎಲ್ಲದ ಆಯಿ?”

“ಅದರ ಮ್ಯಾಲೇ ನಿಂತೀರಿ ಮೇಡಂ” ಎಂದೆ.

ಮೇಡಂ ಕೆಳಗೆ ನೋಡಿದರು. ಕಾಲು ತೆಗೆದು ಮತ್ತೆ ನೋಡಿದರು. ಬಂಡೆ ಎತ್ತಿಸಿ ಎಂದರು. ಎತ್ತಲು ಬರಲಿಲ್ಲ, ಹುಸೇನಪ್ಪನ ಕೆಲಸ ಅಷ್ಟು ಬಿಗಿಯಾಗಿತ್ತು. ಸುತ್ತಿಗೆ, ಉಳಿ, ಹಾರೆ ತಂದು ನಾಲ್ಕು ಮಂದಿ ಮೀಟಿದ ಮೇಲೆ ಬಾಯಿ ತೆರೆಯಿತು. ಎಲ್ಲರೂ ಬಗ್ಗಿ ನೋಡಿದೆವು. ಮೂರು ದಿನದ ಹೊಡೆತದ ಮಳೆ, ಊರೆಲ್ಲ ತೊಯ್ದು ಕೆಸರೆದ್ದಿದೆ, ನನ್ನ ಒಲೆಯ ಬೂದಿ ಕೂಡ ಹಸಿ. ಗುಂಡಿಯ ಒಳಗೆ ಮಾತ್ರ ತಳದ ಫರಸಿಯ ಮೇಲೆ ಹುಸೇನಪ್ಪ ಕೆಲಸ ಮುಗಿಸಿದ ದಿನ ಬಿದ್ದ ಸಿಮೆಂಟಿನ ಧೂಳು ಹಾಗೆಯೇ ಬಿದ್ದಿತ್ತು. ಅವನು ಸೇದಿ ಎಸೆದ ಬೀಡಿಯ ತುಂಡು ಬೇಕಾದರೆ ಮತ್ತೆ ಹಚ್ಚಬಹುದಿತ್ತು. ಆ ದಿನ ನಮ್ಮೂರಲ್ಲಿ ಒಣಗಿದ ಜಾಗ ಎಂದು ಇದ್ದದ್ದು ಆ ಇಂಗುಗುಂಡಿ ಒಂದೇ.

ನಾನು ತಡೆಯಲಾರದೆ, “ನೋಡ್ರಿ ಮೇಡಂ, ಹನಿ ನೀರು ಒಳಗ ಬಿಟ್ಟಿಲ್ಲ” ಎಂದೆ. ಹೆಮ್ಮೆಯಿಂದಲೇ ಹೇಳಿದೆ. ಹೇಳಿದ ಮೇಲೆ ನನಗೇ ಅದರ ಅರ್ಥ ಆಯಿತು.

ಮೇಡಂ ಬಯ್ಯಲಿಲ್ಲ. ಗುಂಡಿಯ ದಂಡೆಯ ಮೇಲೆ ಕೂತು ಮುಖಕ್ಕೆ ಕರವಸ್ತ್ರ ಒತ್ತಿಕೊಂಡರು. ಹೆಗಲು ಅಲುಗುತ್ತಿತ್ತು. ಪಾಪ, ಅಳುತ್ತಿದ್ದಾರೆ ಎಂದುಕೊಂಡೆ. ಮುಖ ಎತ್ತಿದಾಗ ಕಣ್ಣಲ್ಲಿ ನೀರಿತ್ತು ನಿಜ, ಆದರೆ ನಗೆಯದ್ದು. “ಆಯಿ, ಇದರಾಗ ನಿಮ್ಮ ಜೋಳ ಇಟ್ಟಿದ್ರ ಭೇಷ್ ಇರ್ತಿತ್ತು” ಎಂದರು. ನನಗೆ ಆ ಮಾತು ಮೊದಲು ಹೊಳೆಯಲಿಲ್ಲವಲ್ಲ ಎಂದು ಕೆಟ್ಟದೆನಿಸಿತು. ಮಾದೇವಿ ಹಿಂದಿನಿಂದ, “ಅತ್ತಿಗಿನೂ ಒಂದೀಟು ಅದರಾಗ ಇಡಬಹುದಿತ್ತು” ಎಂದಳು. ಅಂತೂ ಬಾಯಿ ಬಿಟ್ಟಳು ಎಂದು ನನಗೆ ಸಮಾಧಾನವೇ ಆಯಿತು.

ಈ ಸಲ ಮೇಡಂ ತಾವೇ ನಿಂತು ಮಾಡಿಸಿದರು. ಫರಸಿ ಎಲ್ಲ ಕಿತ್ತರು. ಹುಸೇನಪ್ಪ ಒಂದೊಂದು ಕಲ್ಲು ಕೀಳುವಾಗಲೂ ತನ್ನದೇ ಹಲ್ಲು ಕೀಳುತ್ತಿರುವವನ ಹಾಗೆ ಮುಖ ಮಾಡಿದ. ದಪ್ಪ ಕಲ್ಲು, ಕಂಕರು, ಉಸುಕು ತುಂಬಿದರು. ಉದ್ಯಾನದ ನೆಲ ಬರಿ ಮಣ್ಣಾಗಿ ನಿಂತಿತು. ನೋಡಲು ಎಷ್ಟು ಅಸಹ್ಯ ಎಂದರೆ ನಾನು ಆ ಕಡೆ ಹೋಗುವಾಗ ಮುಖ ತಿರುಗಿಸಿಕೊಂಡು ಹೋಗುತ್ತಿದ್ದೆ.

ಮತ್ತೆ ಮಳೆ ಬಂತು. ಹಾಳು ಮಳೆ, ಹಿಂದಿನ ಎರಡಕ್ಕಿಂತ ದೊಡ್ಡದು. ಚೀಲಗಳು ಮಂಚದ ಮೇಲಿದ್ದವು. ನಾನು ಬಾಗಿಲಲ್ಲಿ ಪೊರಕೆ ಹಿಡಿದು, ಶರಣಪ್ಪನಿಗೆ ಬಯ್ಯಲು ಹೊಸ ಹೊಸ ಮಾತು ಕೂಡಿಸಿಟ್ಟುಕೊಂಡು ಕಾಯುತ್ತ ನಿಂತೆ. ಏರಿನಿಂದ ಒಂದು ಸಣ್ಣ ಕಾಲುವೆ ಇಳಿದು ಬಂತು, ನಮ್ಮ ಹೊಸ್ತಿಲಿನ ತನಕ ಬಂದು ಪಕ್ಕಕ್ಕೆ ತಿರುಗಿ ಹಳ್ಳದ ಕಡೆ ಹೋಯಿತು. ಅಷ್ಟೇ. ಮಾದೇವಿ ಚೀಲ ಇಳಿಸಿ ಮೂಲೆಗೆ ಜೋಡಿಸಿದಳು. ಕೊಡೆ ಹಿಡಿದು ಓಡಿ ಬಂದ ಶರಣಪ್ಪ, “ಬಂತೇನು ಆಯಿ?” ಎಂದು ಕೇಳಿದ. “ಇಲ್ಲೋ, ಬರಲಿಲ್ಲ” ಎಂದೆ. ಹೇಳುವಾಗ ನನ್ನ ದನಿ ಯಾರೋ ನಂಬಿದವರು ಕೈಕೊಟ್ಟ ಹಾಗಿತ್ತಂತೆ, ಸೊಸೆ ಈಗಲೂ ಮಾಡಿ ತೋರಿಸಿ ನಗುತ್ತಾಳೆ. ಕೂಡಿಸಿಟ್ಟ ಬೈಗುಳ ಕೆಲಸಕ್ಕೆ ಬಾರದೆ ಹೋದವು, ಅವನಿಗೆ ಚಹಾ ಮಾಡಿಕೊಡಬೇಕಾಯಿತು.

ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಆದರೆ ಈಗ ನಮ್ಮ ಕಡೆ ಎಲ್ಲೆಲ್ಲೂ ಪ್ಲಾಟುಗಳು ಏಳುತ್ತಿವೆ, ಎಲ್ಲೆಲ್ಲೂ ಗುಂಡಿಗಳು. ಮೇಡಂ ನೋಡಲು ಹೊರಟಾಗಲೆಲ್ಲ ಜೀಪಿನಲ್ಲಿ ನನ್ನನ್ನೂ ಕೂಡಿಸಿಕೊಂಡು ಹೋಗುತ್ತಾರೆ. ನನ್ನ ಅನುಭವ ನೋಡಿ ಕರೆಯುತ್ತಾರೆ ಎಂದು ಊರೆಲ್ಲ ಹೇಳಿಕೊಂಡು, ತೊಳೆದ ಸೀರೆ ಉಟ್ಟು ಹೋಗುತ್ತಿದ್ದೆ. ಹೋದ ವಾರ ಒಂದು ಕಡೆ ಗುಂಡಿ ತೋರಿಸಿ, “ಹೆಂಗದ ಆಯಿ?” ಎಂದು ಕೇಳಿದರು. ಸುತ್ತ ಕಟ್ಟೆ, ಒಳಗೆ ನುಣ್ಣಗೆ ಸಿಮೆಂಟಿನ ಗಿಲಾವು, ಅಂಚಿಗೆ ಬಣ್ಣ. ನನಗೆ ಕಣ್ಣು ತಂಪಾಯಿತು. “ಏನು ಛಂದ ಮಾಡ್ಯಾರ್ರೀ ಮೇಡಂ, ನೋಡ್ಕೋತ ನಿಂದ್ರಬೇಕು ಅನಿಸ್ತದ” ಎಂದೆ. ಮೇಡಂ ಕಟ್ಟಿಸಿದವನ ಕಡೆ ತಿರುಗಿ, “ಕೇಳಿದ್ರ್ಯಾ? ಆಯಿಗಿ ಛಂದ ಅನಿಸ್ಯಾದ. ನಾಳಿನೇ ಒಡೀರಿ” ಎಂದು ಹೇಳಿ ಜೀಪು ಹತ್ತಿದರು.